ತ್ರೈರಾಶಿಯ ಲೆಕ್ಕವೂ ಡಯಾಲಿಸಿಸ್ ಕೇಂದ್ರವೂ

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರ. ಹಿತ್ತಿಲಿನಲ್ಲಿ ದಾಸವಾಳದ ಗಿಡಕ್ಕೆ ಪಾತಿ ಕಟ್ಟುತ್ತಿದ್ದೆ. ಗೇಟಿನ ಬಳಿ "ಸಾರ್, ಇದ್ದೀರಾ?" ಎಂಬ ದನಿ ಕೇಳಿತು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಹದಿನಾರು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವಳು. ಡಯಾಲಿಸಿಸ್ ತಂತ್ರಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸಿ, ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಬ್ಯಾಂಕಿನ ಸಾಲ ಪಡೆದು ನಮ್ಮ ತಾಲ್ಲೂಕಿನ ಊರಿನಲ್ಲೇ ಐದು ಯಂತ್ರಗಳ ಚಿಕ್ಕ ಡಯಾಲಿಸಿಸ್ ಕೇಂದ್ರ ತೆರೆದಿದ್ದಾಳೆ. ದಿನವೂ ಒಬ್ಬ ವೈದ್ಯರು ಇರುತ್ತಾರೆ. ವಾರಕ್ಕೊಮ್ಮೆ ಜಿಲ್ಲಾ ಕೇಂದ್ರದಿಂದ ಮೂತ್ರಪಿಂಡ ತಜ್ಞರು ಬಂದು ಹೋಗುತ್ತಾರೆ.

"ಬಾಮ್ಮಾ, ಏನು ಬೆಳಿಗ್ಗೆ ಬೆಳಿಗ್ಗೇನೇ?" ಎಂದೆ.

ಅವಳು ಕೈಯಲ್ಲಿದ್ದ ಫೈಲನ್ನು ಜಗಲಿಯ ಮೇಲಿಟ್ಟಳು. "ಸಾರ್, ಇದನ್ನು ಸ್ವಲ್ಪ ನೋಡಿ. ಎಂಟು ಲಕ್ಷ ನಷ್ಟ ಆಗಿದೆ ಅಂತ ಸರ್ವೇಯರ್ ಅವರೇ ಬರೆದಿದ್ದಾರೆ. ನನ್ನ ವಿಮೆ ಇಪ್ಪತ್ತು ಲಕ್ಷದ್ದು. ಆದರೂ ಕೊಡೋದು ನಾಲ್ಕೇ ಲಕ್ಷವಂತೆ. ಇದು ಮೋಸ ಅಲ್ವಾ ಸಾರ್?"

ಮೋಸವೋ ಅಲ್ಲವೋ ಎಂದು ತಿಳಿಯಲು ನಾವಿಬ್ಬರೂ ಮಧ್ಯಾಹ್ನದ ಊಟದವರೆಗೆ ಆ ಹಾಳೆಗಳನ್ನು ಓದಿದೆವು. ಅಂದು ನಾನು ಕಲಿತದ್ದನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ವಿಜ್ಞಾನದ ಮೇಷ್ಟರಿಗೂ ವಿಮೆಗೂ ಏನು ಸಂಬಂಧ ಎನ್ನಬೇಡಿ. ಈ ಕತೆಯಲ್ಲಿ ವಿಸರಣೆಯೂ ಇದೆ, ತ್ರೈರಾಶಿಯೂ ಇದೆ, ಒಂದು ಜೀವವೂ ಇದೆ.

ದಿನಕ್ಕೆ 180 ಲೀಟರು

ಮೊದಲು ಡಯಾಲಿಸಿಸ್ ಎಂದರೇನು ಎಂಬುದನ್ನು ನೋಡೋಣ. ನಮ್ಮ ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡೂ ಪಕ್ಕಗಳಲ್ಲಿ, ಮುಷ್ಟಿಯ ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನುಗಳು. ಇವೆಲ್ಲ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಬೇಕಾದದ್ದನ್ನೆಲ್ಲ ಮತ್ತೆ ಹೀರಿಕೊಂಡು ಸುಮಾರು ಒಂದೂವರೆ ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಈ ಕೆಲಸ ನಿಂತರೆ ಯೂರಿಯ, ಪೊಟ್ಯಾಸಿಯಂ ಮತ್ತು ಹೆಚ್ಚುವರಿ ನೀರು ದೇಹದಲ್ಲಿಯೇ ಉಳಿದುಬಿಡುತ್ತವೆ.

ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ 1861ರಲ್ಲಿ, ಕೆಲವು ಪೊರೆಗಳು ಸಣ್ಣ ಕಣಗಳನ್ನು ಮಾತ್ರ ಆಚೆಗೆ ಬಿಟ್ಟು ದೊಡ್ಡ ಕಣಗಳನ್ನು ತಡೆಯುತ್ತವೆ ಎಂದು ವಿವರಿಸಿ, ಹೀಗೆ ಬೇರ್ಪಡಿಸುವುದಕ್ಕೆ ಡಯಾಲಿಸಿಸ್ ಎಂದು ಹೆಸರಿಟ್ಟ. ಚಹಾಪುಡಿ ತುಂಬಿದ ಕಾಗದದ ಪೊಟ್ಟಣವನ್ನು ಬಿಸಿನೀರಿಗೆ ಇಳಿಬಿಟ್ಟು ನೋಡಿ. ಬಣ್ಣವೂ ರುಚಿಯೂ ಹೊರಗೆ ಬರುತ್ತವೆ, ಪುಡಿ ಒಳಗೇ ಉಳಿಯುತ್ತದೆ. ತತ್ತ್ವ ಇಷ್ಟೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯ ಮಾಂಸದ ತಿನಿಸಿಗೆ ಹೊದಿಕೆಯಾಗಿ ಬಳಸುತ್ತಿದ್ದ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ, ಅದರೊಳಗೆ ರೋಗಿಯ ರಕ್ತ ಹರಿಸಿ 1943ರಲ್ಲಿ ಈ ತತ್ತ್ವವನ್ನು ಮನುಷ್ಯನಿಗೆ ಅನ್ವಯಿಸಿದ. ಮೊದಮೊದಲ ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಮಹಿಳೆ ಬದುಕಿ ಮನೆಗೆ ಹೋದಳು.

ಇಂದಿನ ಯಂತ್ರದಲ್ಲಿ ಕೂದಲಿನಂಥ ಸಾವಿರಾರು ಟೊಳ್ಳು ಎಳೆಗಳ ಒಳಗೆ ರಕ್ತ ಒಂದು ದಿಕ್ಕಿಗೆ ಹರಿಯುತ್ತದೆ. ಹೊರಗೆ ಶುದ್ಧ ದ್ರಾವಣ ಎದುರು ದಿಕ್ಕಿಗೆ ಹರಿಯುತ್ತದೆ. ದ್ರಾವಣ ಹರಿಯುವುದು ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿಲೀಟರು. ಒಂದು ಸಲದ ಡಯಾಲಿಸಿಸ್ ನಾಲ್ಕು ಗಂಟೆ. ಗುಣಿಸಿ ನೋಡಿ: 120 ಲೀಟರು! ವಾರಕ್ಕೆ ಮೂರು ಸಲವಾದರೆ 360 ಲೀಟರು. ನೀವು ನಾವು ವಾರಪೂರ್ತಿ ಕುಡಿಯುವುದು ಹದಿನೈದು ಲೀಟರಿನಷ್ಟು ನೀರು; ಅದೂ ಹೊಟ್ಟೆ, ಕರುಳು, ಯಕೃತ್ತುಗಳ ಕಾವಲು ದಾಟಿಯೇ ರಕ್ತಕ್ಕೆ ಸೇರುತ್ತದೆ. ಡಯಾಲಿಸಿಸ್ ರೋಗಿಗೆ ಆ ಕಾವಲಿಲ್ಲ. ರಕ್ತಕ್ಕೂ ನೀರಿಗೂ ನಡುವೆ ಇರುವುದು ಆ ತೆಳು ಪೊರೆ ಮಾತ್ರ.

ಒಂದು ಉದಾಹರಣೆ ಕೊಡುತ್ತೇನೆ. ಕುಡಿಯುವ ನಲ್ಲಿ ನೀರಿನಲ್ಲಿ ರೋಗಾಣುಗಳು ಸಾಯಲೆಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ನಮ್ಮ ಮಾನಕ. ಡಯಾಲಿಸಿಸ್ ನೀರಿನಲ್ಲಿ ಕ್ಲೋರಿನ್ 0.1 ಮಿಲಿಗ್ರಾಂ ಮೀರಕೂಡದು. ಮೀರಿದರೆ ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. ಕುಡಿಯಲು ಯೋಗ್ಯವಾದ ನೀರೇ ಡಯಾಲಿಸಿಸ್‌ಗೆ ವಿಷ! ಆದ್ದರಿಂದಲೇ ಪ್ರತಿ ಕೇಂದ್ರದ ಹಿಂದಿನ ಕೋಣೆಯಲ್ಲಿ ಇದ್ದಿಲಿನ ತೊಟ್ಟಿ, ನೀರನ್ನು ಮೆದುಗೊಳಿಸುವ ತೊಟ್ಟಿ, ಆರ್.ಓ. ಘಟಕ ಇವೆಲ್ಲ ಸಾಲಾಗಿ ನಿಂತಿರುತ್ತವೆ. ಹಾಸಿಗೆಯ ಪಕ್ಕದ ಯಂತ್ರ ಎಷ್ಟೇ ಬೆಲೆಯದಾದರೂ ಈ ಕೋಣೆ ಕೆಟ್ಟರೆ ಕೇಂದ್ರ ಮುಚ್ಚಿದ ಹಾಗೆಯೇ.

ಒಂದು ಬುಧವಾರ ತಪ್ಪಿದಾಗ

ನನ್ನ ವಿದ್ಯಾರ್ಥಿನಿಯ ಕೇಂದ್ರದಲ್ಲಿ ಕೆಟ್ಟದ್ದೂ ಅದೇ ಕೋಣೆ. ಒಂದು ಮಂಗಳವಾರ ರಾತ್ರಿ ಸುರಿದ ಮಳೆಗೆ ರಾಜಕಾಲುವೆ ಉಕ್ಕಿ, ತಗ್ಗಿನಲ್ಲಿದ್ದ ಹಿಂದಿನ ಕೋಣೆಗೆ ಮೊಣಕಾಲುದ್ದ ನೀರು ನುಗ್ಗಿತು. ಆರ್.ಓ. ಘಟಕದ ಮೋಟಾರುಗಳು, ವಿದ್ಯುತ್ ಫಲಕ, ರಿಪೇರಿಗೆಂದು ಕೆಳಗಿಟ್ಟಿದ್ದ ಒಂದು ಯಂತ್ರ ಎಲ್ಲವೂ ಹಾಳಾದವು. ಕೇಂದ್ರ ಹನ್ನೊಂದು ದಿನ ಮುಚ್ಚಿತು. ಅಲ್ಲಿಗೆ ಬರುತ್ತಿದ್ದವರು ಇಪ್ಪತ್ತನಾಲ್ಕು ಮಂದಿ.

ಅವರಲ್ಲಿ ಒಬ್ಬರು ನಮ್ಮ ಶಾಲೆಯಿಂದ ನಿವೃತ್ತರಾದ ಚಿತ್ರಕಲಾ ಮೇಷ್ಟ್ರು. ಅವರ ಸರದಿ ಬುಧವಾರ ಮತ್ತು ಶನಿವಾರ. ವಾರಕ್ಕೆ ಮೂರು ಸಲ ಬೇಕೆಂದು ತಜ್ಞರು ಹೇಳಿದ್ದರೂ ಖರ್ಚಿನ ದೆಸೆಯಿಂದ ಎರಡೇ ಸಲ ಮಾಡಿಸುತ್ತಿದ್ದರು. ನಮ್ಮಲ್ಲಿ ಹೀಗೆ ಮಾಡುವವರು ಅನೇಕರು. ಆ ಬುಧವಾರ ತಪ್ಪಿತು. ಪಕ್ಕದ ತಾಲ್ಲೂಕಿನ ಕೇಂದ್ರದಲ್ಲಿ ಹಾಸಿಗೆ ಖಾಲಿ ಇರಲಿಲ್ಲ. "ಎರಡು ದಿನ ತಾನೇ, ತಡೆದುಕೊಳ್ಳುತ್ತೇನೆ" ಎಂದರು. ಗುರುವಾರ ಸುಸ್ತೆಂದು ಮಲಗಿದ್ದವರಿಗೆ ನೆಂಟರೊಬ್ಬರು ಪ್ರೀತಿಯಿಂದ ಎರಡು ಎಳನೀರು ಕೊಚ್ಚಿ ಕುಡಿಸಿದರು. ಎಳನೀರು ನಮಗೆ ಅಮೃತ ಸಮಾನ, ನಿಜ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಕೆಲಸ ಮಾಡದವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತದ ಲಯವೇ ತಪ್ಪುತ್ತದೆ. ಶುಕ್ರವಾರ ರಾತ್ರಿ ಕಾಲು ಊದಿಕೊಂಡು, ಮಲಗಿದರೆ ಉಸಿರು ಸಿಗದಂತಾಯಿತು. ಹಿಂದಿನ ಡಯಾಲಿಸಿಸ್ ಆಗಿ ಆರು ದಿನ ಕಳೆದಿತ್ತು. ಅರುವತ್ತು ಕಿಲೋಮೀಟರು ದೂರದ ಜಿಲ್ಲಾ ಕೇಂದ್ರಕ್ಕೆ ಆಂಬುಲೆನ್ಸಿನಲ್ಲಿ ಕೊಂಡೊಯ್ದು, ಬೆಳಗಿನ ಜಾವ ಮೂರು ಗಂಟೆಗೆ ಯಂತ್ರಕ್ಕೆ ಹಾಕಿದರು. ಮೇಷ್ಟ್ರು ಉಳಿದರು. ನಾನು ಆಸ್ಪತ್ರೆಗೆ ಹೋದಾಗ ಅವರು ಹೇಳಿದ್ದು ಒಂದೇ ಮಾತು: "ಆ ಹುಡುಗಿ ಬೇಗ ಬಾಗಿಲು ತೆಗೆಯಲಿ ಮಾರಾಯ್ರೆ."

ಡಯಾಲಿಸಿಸ್ ಕೇಂದ್ರದ ವಿಮೆ ಉಳಿದ ಅಂಗಡಿಗಳ ವಿಮೆಯ ಹಾಗಲ್ಲ ಎಂದು ನನಗೆ ಹೊಳೆದದ್ದು ಆಗ. ಬಟ್ಟೆಯಂಗಡಿ ಹನ್ನೊಂದು ದಿನ ಮುಚ್ಚಿದರೆ ನಾವು ಹಬ್ಬಕ್ಕೆ ಬೇರೆ ಅಂಗಡಿಯಲ್ಲಿ ಬಟ್ಟೆ ಕೊಳ್ಳುತ್ತೇವೆ. ಇಲ್ಲಿ ಮತ್ತೆ ಬಾಗಿಲು ತೆರೆಯಲು ಬೇಕಾದ ಹಣ ಎಷ್ಟು ಬೇಗ ಬರುತ್ತದೆ ಎಂಬುದರ ಮೇಲೆ ಇಪ್ಪತ್ತನಾಲ್ಕು ಜನರ ಉಸಿರು ನಿಂತಿದೆ.

ಮುಯ್ಯಿಯೇ ವಿಮೆಯ ಮೂಲ

ಹಳ್ಳಿಯಲ್ಲಿ ಬೆಳೆದವರಿಗೆ ಮುಯ್ಯಾಳು ಗೊತ್ತು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಯಾರದಾದರೂ ಮನೆ ಸುಟ್ಟರೆ ಊರವರೆಲ್ಲ ಮನೆಗೊಂದು ಗಳ, ಮನೆಗೊಂದು ಹುಲ್ಲಿನ ಹೊರೆ ಕೊಟ್ಟು ಮತ್ತೆ ಸೂರು ಎತ್ತುತ್ತಿದ್ದರು. ಒಬ್ಬನ ಬೆನ್ನು ಮುರಿಯುವ ಭಾರವನ್ನು ನೂರು ಜನ ಹಂಚಿಕೊಂಡರೆ ಯಾರ ಬೆನ್ನೂ ಮುರಿಯುವುದಿಲ್ಲ. ವಿಮೆ ಇದನ್ನೇ ಮುಂಚಿತವಾಗಿ, ಲೆಕ್ಕ ಹಾಕಿ, ಹಣದ ರೂಪದಲ್ಲಿ ಮಾಡುತ್ತದೆ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಒಂದು ಸಾವಿರ ಕೇಂದ್ರಗಳಿವೆ, ಒಂದೊಂದರ ಆಸ್ತಿಯೂ 50 ಲಕ್ಷ ರೂಪಾಯಿಯದು. ವರ್ಷಕ್ಕೆ ನಾಲ್ಕು ಕೇಂದ್ರಗಳು ಪೂರ್ತಿ ಹಾಳಾಗುತ್ತವೆ ಎಂದು ಭಾವಿಸಿದರೆ ನಷ್ಟ 2 ಕೋಟಿ. ಸಾವಿರ ಜನ ಹಂಚಿಕೊಂಡರೆ ತಲೆಗೆ 20,000 ರೂಪಾಯಿ. ಕಂಪನಿಯ ಖರ್ಚು, ಲಾಭ, ತೆರಿಗೆ ಸೇರಿ ಕಂತು ಇದಕ್ಕಿಂತ ಹೆಚ್ಚಾಗುತ್ತದೆ, ಅಷ್ಟೇ. ಯಾವ ನಾಲ್ಕು ಕೇಂದ್ರಗಳು ಎಂದು ಯಾರಿಗೂ ಗೊತ್ತಿಲ್ಲ; ಎಷ್ಟು ಎಂಬುದನ್ನು ಮಾತ್ರ ಹೆಚ್ಚು ಕಡಿಮೆ ಊಹಿಸಬಹುದು. ಸಂಭವನೀಯತೆಯ ಪಾಠದಲ್ಲಿ ನಾವು ನಾಣ್ಯ ಚಿಮ್ಮುವುದು ಇದಕ್ಕೇ.

ಇನ್ನು ಎಂಟು ಲಕ್ಷ ನಾಲ್ಕಾದ ಬಗೆ ನೋಡೋಣ. ಅವಳ ಕೇಂದ್ರದ ಯಂತ್ರ, ಘಟಕ, ಜನರೇಟರು ಎಲ್ಲದರ ಬೆಲೆ 40 ಲಕ್ಷ. ವಿಮೆ ಮಾಡಿಸಿದ್ದು ಬ್ಯಾಂಕು ಕೇಳಿದ್ದಕ್ಕೆ, ಬ್ಯಾಂಕಿನ ಸಾಲ ಇದ್ದಷ್ಟಕ್ಕೆ, ಅಂದರೆ 20 ಲಕ್ಷಕ್ಕೆ. ವಿಮೆಯ ನಿಯಮ ಹೇಳುವುದೇನೆಂದರೆ, ಅರ್ಧ ಆಸ್ತಿಗೆ ಕಂತು ಕಟ್ಟಿದವನು ಉಳಿದರ್ಧಕ್ಕೆ ತಾನೇ ವಿಮೆಗಾರ. ನಷ್ಟ ಚಿಕ್ಕದಿರಲಿ, ದೊಡ್ಡದಿರಲಿ, ಅದೇ ಅನುಪಾತದಲ್ಲಿ ಹಂಚಿಕೆ. 40ಕ್ಕೆ 20 ಆದರೆ 8ಕ್ಕೆ ಎಷ್ಟು? 8 ಗುಣಿಸು 20, ಭಾಗಿಸು 40. ಉತ್ತರ ನಾಲ್ಕು. ಅದರಲ್ಲೂ ಪಾಲಿಸಿದಾರ ತಾನೇ ಭರಿಸಬೇಕಾದ ಒಂದಿಷ್ಟು ಮೊತ್ತ ಕಳೆಯುತ್ತದೆ.

ಲೆಕ್ಕ ಬರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡುತ್ತ ಕೂತಳು. "ನೀವು ಹೇಳಿಕೊಟ್ಟ ತ್ರೈರಾಶೀನೇ ಅಲ್ವಾ ಸಾರ್ ಇದು! ಸಹಿ ಹಾಕುವಾಗ ಹೊಳೆಯಲೇ ಇಲ್ಲ" ಎಂದಳು. ತಪ್ಪು ಅವಳೊಬ್ಬಳದಲ್ಲ. ಪರೀಕ್ಷೆಗೆಂದು ತ್ರೈರಾಶಿ ಕಲಿಸಿದ ನಾನು, ಅದು ವಿಮೆಯ ಪಾಲಿಸಿಯೊಳಗೆ ಕುಳಿತಿದೆ ಎಂದು ಒಂದು ದಿನವೂ ಹೇಳಿರಲಿಲ್ಲ.

ನಮ್ಮ ದೇಶದಲ್ಲಿ ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿಯವರೆಗಿನ ಆಸ್ತಿಯುಳ್ಳ ಸಣ್ಣ ಉದ್ಯಮಗಳಿಗೆಂದು 2021ರ ಏಪ್ರಿಲ್‌ನಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ ಇದರಲ್ಲಿ ಸೇರಿವೆ. ವಿಮೆಯ ಮೊತ್ತದಲ್ಲಿ ಶೇಕಡ 15ರವರೆಗಿನ ಕೊರತೆಯನ್ನು ಇದು ಮನ್ನಿಸುತ್ತದೆ. ಶೇಕಡ 50ರ ಕೊರತೆಗೆ ಮಾತ್ರ ಮನ್ನಣೆಯಿಲ್ಲ.

ಫೈಲಿನಲ್ಲಿ ಇಲ್ಲದ ಹಾಳೆಗಳು

ಬೆಂಕಿ, ನೆರೆಗಳ ಪಾಲಿಸಿ ಎಲ್ಲವನ್ನೂ ಕಾಯುತ್ತದೆ ಎಂದು ತಿಳಿಯಬಾರದು. ಯಂತ್ರದೊಳಗೇ ವಿದ್ಯುತ್ತಿನ ಏರಿಳಿತದಿಂದ ಸುಟ್ಟುಹೋದ ಭಾಗಕ್ಕೆ ಸಾಮಾನ್ಯವಾಗಿ ಅದು ಹಣ ಕೊಡುವುದಿಲ್ಲ. ಅದಕ್ಕೆ ಯಂತ್ರ ಕೆಡುವಿಕೆಯ ಅಥವಾ ಎಲೆಕ್ಟ್ರಾನಿಕ್ ಉಪಕರಣಗಳ ವಿಮೆ ಬೇರೆಯೇ ಇದೆ. ಹನ್ನೊಂದು ದಿನ ಒಂದು ರೂಪಾಯಿ ಸಂಪಾದನೆ ಇಲ್ಲದಿದ್ದರೂ ಬಾಡಿಗೆ, ಸಂಬಳ, ಸಾಲದ ಬಡ್ಡಿ ನಿಲ್ಲಲಿಲ್ಲ. ಅದಕ್ಕೆ ವ್ಯವಹಾರ ನಿಂತ ನಷ್ಟದ ವಿಮೆ ಇದೆ. ಅದನ್ನು ಅವಳು ಮಾಡಿಸಿರಲೇ ಇಲ್ಲ. ಆದರೆ ಆ ವಿಮೆಯೂ ಕಟ್ಟಡಕ್ಕೋ ಯಂತ್ರಕ್ಕೋ ಪಾಲಿಸಿಯಲ್ಲಿ ಹೇಳಿದ ಪೆಟ್ಟು ಬಿದ್ದು ಬಾಗಿಲು ಮುಚ್ಚಿದಾಗಲಷ್ಟೇ ಸಾಮಾನ್ಯವಾಗಿ ನೆರವಿಗೆ ಬರುತ್ತದೆ. ಇನ್ನು ಸೂಜಿ ಚುಚ್ಚಿ ಸಿಬ್ಬಂದಿಗೆ ಕಾಮಾಲೆಯ ರೋಗಾಣು ತಗುಲುವ ಭಯ ಸದಾ ಇರುವ ಕಡೆ ನೌಕರರ ಪರಿಹಾರದ ವಿಮೆ ಬೇಕೇ ಬೇಕು.

ಕೊನೆಯದು ಹೊಣೆಗಾರಿಕೆಯ ವಿಮೆ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರ ನವೆಂಬರಿನಲ್ಲಿ ತೀರ್ಪಿತ್ತಿತು. ಸೇವೆಯಲ್ಲಿ ಲೋಪವಾದರೆ ರೋಗಿ ಪರಿಹಾರ ಕೇಳಬಹುದು. ಆ ಪರಿಹಾರವನ್ನೂ ವ್ಯಾಜ್ಯದ ಖರ್ಚನ್ನೂ ಭರಿಸಲು ವೈದ್ಯರಿಗೂ ಸಂಸ್ಥೆಗೂ ಬೇರೆ ಬೇರೆ ವಿಮೆಗಳಿವೆ. ಇದು ವೈದ್ಯರ ರಕ್ಷಣೆಗೆ ಮಾತ್ರವಲ್ಲ. ಐದು ಯಂತ್ರಗಳ ಚಿಕ್ಕ ಕೇಂದ್ರ ದೊಡ್ಡ ಪರಿಹಾರವನ್ನು ಕೈಯಿಂದ ಎಲ್ಲಿ ತಂದೀತು? ನೊಂದ ಮನೆಯವರಿಗೆ ಹಣ ನಿಜವಾಗಿ ಸೇರಬೇಕಾದರೂ ಈ ವಿಮೆ ಬೇಕು.

ಹಣದಿಂದ ತುಂಬದ ನಷ್ಟ

ಹಾಗಾದರೆ ಎಲ್ಲ ವಿಮೆಗಳನ್ನೂ ಮಾಡಿಸಿಬಿಟ್ಟರೆ ನಿಶ್ಚಿಂತೆಯೆ? ಬ್ರೆಜಿಲ್ ದೇಶದ ಕರುಆರು ಎಂಬ ಊರಿನ ಕತೆ ಕೇಳಿ. 1996ರ ಫೆಬ್ರವರಿ, ಬರಗಾಲದ ದಿನಗಳು. ಅಲ್ಲಿನ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಟ್ಯಾಂಕರ್ ಲಾರಿಯಲ್ಲಿ ಬಂದ ಕೆರೆಯ ನೀರು ಸರಿಯಾಗಿ ಶುದ್ಧವಾಗಿರಲಿಲ್ಲ. ಅದರಲ್ಲಿ ನೀಲಿ-ಹಸಿರು ಪಾಚಿ ಬಿಟ್ಟ ಮೈಕ್ರೊಸಿಸ್ಟಿನ್ ಎಂಬ ವಿಷವಿತ್ತು. ಕಣ್ಣಿಗೆ ಕಾಣದ, ಕುದಿಸಿದರೂ ಹೋಗದ ವಿಷ. 131 ರೋಗಿಗಳಲ್ಲಿ 116 ಮಂದಿಗೆ ದೃಷ್ಟಿ ಮಂಜಾಗುವುದು, ಓಕರಿಕೆ, ವಾಂತಿ ಆರಂಭವಾಯಿತು. ಸುಮಾರು ನೂರು ಮಂದಿಯ ಯಕೃತ್ತು ಕೆಟ್ಟಿತು. ಕನಿಷ್ಠ ಐವತ್ತು ಮಂದಿ ಸತ್ತರು. ಮೈಕ್ರೊಸಿಸ್ಟಿನ್‌ನಿಂದ ಮನುಷ್ಯರು ಹೀಗೆ ಸತ್ತದ್ದು ದೃಢಪಟ್ಟದ್ದು ಅದೇ ಮೊದಲು. ಜೀವ ಉಳಿಸಲೆಂದು ಬಂದು ಮಲಗಿದ್ದವರಿಗೆ ನಾಲ್ಕು ಗಂಟೆ ಕಾಲ ನೀರಿನಿಂದಲೇ ವಿಷ ಏರಿತ್ತು. ಇಂಥದ್ದಕ್ಕೆ ಎಷ್ಟು ಕೋಟಿ ಪರಿಹಾರ ಕೊಟ್ಟರೆ ತಾನೇ ಸಮವಾದೀತು?

ಇನ್ನೊಂದು ಕತೆ ಅಮೆರಿಕದ್ದು. 2005ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತ ಬೀಸಿದಾಗ 94 ಡಯಾಲಿಸಿಸ್ ಕೇಂದ್ರಗಳು ಕನಿಷ್ಠ ಒಂದು ವಾರ ಮುಚ್ಚಿದವು. ನಂತರ 386 ರೋಗಿಗಳನ್ನು ವಿಚಾರಿಸಿ ನೋಡಿದಾಗ ನೂರಕ್ಕೆ 44 ಮಂದಿ ಒಂದಾದರೂ ಸರದಿ ತಪ್ಪಿಸಿಕೊಂಡಿದ್ದರು, ನೂರಕ್ಕೆ 17 ಮಂದಿ ಮೂರು ಅಥವಾ ಹೆಚ್ಚು. ಹೆಚ್ಚು ತಪ್ಪಿಸಿಕೊಂಡವರೇ ಹೆಚ್ಚಾಗಿ ಆಸ್ಪತ್ರೆ ಸೇರಿದ್ದು. ನಮ್ಮ ಚಿತ್ರಕಲಾ ಮೇಷ್ಟ್ರ ಕತೆಯೇ ಅಲ್ಲಿ ನೂರಾರು ಪಟ್ಟು ನಡೆದಿತ್ತು. ನೆರೆ, ಬಿರುಗಾಳಿಗಳ ಭಯವಿರುವ ಕಡೆ ರೋಗಿಗಳಿಗೆ ಮೊದಲೇ ಮೂರು ದಿನಗಳ ತುರ್ತು ಆಹಾರದ ಪಟ್ಟಿ ಕೊಡುವ ಪದ್ಧತಿ ಆ ದೇಶದಲ್ಲಿದೆ: ನೀರು ಅರ್ಧ, ಉಪ್ಪು ಕಡಿಮೆ, ಪೊಟ್ಯಾಸಿಯಂ ಹೆಚ್ಚಿರುವ ಹಣ್ಣು ತರಕಾರಿ ದೂರ. ಒಂದು ಹಾಳೆಯ ಕಾಗದ ಅದು. ಆ ಹಾಳೆ ನಮ್ಮ ಮೇಷ್ಟ್ರ ಗೋಡೆಯ ಮೇಲಿದ್ದಿದ್ದರೆ ಎಳನೀರು ಕೊಚ್ಚುತ್ತಿರಲಿಲ್ಲ.

ವಿಮೆ ಹಣವನ್ನು ಹಿಂದಿರುಗಿಸುತ್ತದೆ, ತಪ್ಪಿದ ಬುಧವಾರವನ್ನು ಹಿಂದಿರುಗಿಸುವುದಿಲ್ಲ. ಇದನ್ನೇ ನಾನು ನನ್ನ ವಿದ್ಯಾರ್ಥಿನಿಗೆ ಹೇಳಿದೆ. ಹಾಗೆಂದು ವಿಮೆ ವ್ಯರ್ಥವೂ ಅಲ್ಲ. ವಿಮೆಯ ಅರ್ಜಿಯಲ್ಲಿ ಹಲವು ಪ್ರಶ್ನೆಗಳಿರುತ್ತವೆ. ಕಟ್ಟಡ ತಗ್ಗಿನಲ್ಲಿದೆಯೆ? ಹಿಂದೆ ನೀರು ನುಗ್ಗಿತ್ತೆ? ಯಂತ್ರಗಳನ್ನು ಕಾಲಕಾಲಕ್ಕೆ ತಪಾಸಣೆ ಮಾಡಿಸುತ್ತೀರಾ? ಇವುಗಳಿಗೆ ನಿಜ ಹೇಳದಿದ್ದರೆ ಪಾಲಿಸಿಯೇ ಬೀಳಬಹುದು. ಏಜೆಂಟರು ತುಂಬಿಕೊಡುತ್ತಾರೆಂದು ನಾವು ಖಾಲಿ ಅರ್ಜಿಗೆ ಸಹಿ ಹಾಕುತ್ತೇವೆ. ಬದಲಿಗೆ ಕುಳಿತು ಒಂದೊಂದನ್ನೇ ಓದಿದರೆ, ನಮ್ಮ ಮನೆಯಲ್ಲೋ ಕೇಂದ್ರದಲ್ಲೋ ಎಲ್ಲಿ ಅಪಾಯ ಅಡಗಿದೆ ಎಂಬುದರ ಪಟ್ಟಿಯೇ ಅದು.

ಆ ಪಟ್ಟಿ ಹಿಡಿದುಕೊಂಡೇ ಅವಳು ಕೆಲಸಕ್ಕೆ ತೊಡಗಿದಳು. ಬಂದದ್ದು ನಾಲ್ಕು ಲಕ್ಷಕ್ಕೂ ತುಸು ಕಡಿಮೆ; ಉಳಿದದ್ದಕ್ಕೆ ಅವಳ ತಾಯಿಯ ಬಳೆಗಳು ಬ್ಯಾಂಕಿಗೆ ಹೋದವು. ಈಗ ಆರ್.ಓ. ಘಟಕ ಮೂರಡಿ ಎತ್ತರದ ಕಟ್ಟೆಯ ಮೇಲಿದೆ. ವಿಮೆ ಪೂರ್ತಿ ಬೆಲೆಗೆ ಇದೆ, ವ್ಯವಹಾರ ನಿಂತ ನಷ್ಟದ್ದೂ ಸೇರಿದೆ. ಪ್ರತಿ ಸರದಿಗೆ ಮುನ್ನ ನೀರಿನ ಕ್ಲೋರಿನ್ ಪರೀಕ್ಷಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಕರೆಂಟು ಹೋಗಿ ಜನರೇಟರೂ ಕೈಕೊಟ್ಟರೆ ರಕ್ತದ ಪಂಪನ್ನು ಕೈಯಿಂದ ತಿರುಗಿಸಿ ರೋಗಿಯ ರಕ್ತವನ್ನು ಅವನಿಗೇ ಹಿಂದಿರುಗಿಸುವುದನ್ನು ಎಲ್ಲ ಸಿಬ್ಬಂದಿ ತಿಂಗಳಿಗೊಮ್ಮೆ ಅಭ್ಯಾಸ ಮಾಡುತ್ತಾರೆ. ಪಕ್ಕದ ಎರಡು ತಾಲ್ಲೂಕುಗಳ ಕೇಂದ್ರಗಳೊಡನೆ ಮಾತಾಗಿದೆ: ಯಾರದು ಮುಚ್ಚಿದರೂ ಉಳಿದವರು ರಾತ್ರಿ ಒಂದು ಸರದಿ ಹೆಚ್ಚಿಗೆ ನಡೆಸಬೇಕು. ಇದಕ್ಕೆ ಕಂತಿಲ್ಲ, ಪಾಲಿಸಿಯಿಲ್ಲ. ಹಳೆಯ ಮುಯ್ಯಿಯೇ.

ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ವಿಮೆ, ಅಂಗಡಿಯ ವಿಮೆ, ಬೈಕಿನ ವಿಮೆಯ ಹಾಳೆಗಳನ್ನು ಬೀರುವಿನಿಂದ ತೆಗೆದು ಒಮ್ಮೆ ಮಕ್ಕಳೊಡನೆ ಕುಳಿತು ಓದಿ. ಯಾವುದಕ್ಕೆ ಹಣ ಬರುತ್ತದೆ ಎಂಬುದಕ್ಕಿಂತ ಯಾವುದಕ್ಕೆ ಬರುವುದಿಲ್ಲ ಎಂಬ ಪುಟವನ್ನು ಮೊದಲು ಓದಿ.

ವಿದ್ಯಾರ್ಥಿ ಮಿತ್ರರೆ, ನಿಮಗೊಂದು ಲೆಕ್ಕ. ಒಂದು ಅಂಗಡಿಯ ಸರಕಿನ ಬೆಲೆ 12 ಲಕ್ಷ. ವಿಮೆ ಮಾಡಿಸಿದ್ದು 9 ಲಕ್ಷಕ್ಕೆ. ಬೆಂಕಿಯಿಂದ ಆದ ನಷ್ಟ 4 ಲಕ್ಷ. ಕೊರತೆಗೆ ಯಾವ ಮನ್ನಣೆಯೂ ಇಲ್ಲವೆಂದಾದರೆ ಅಂಗಡಿಯವನ ಕೈಗೆ ಬರುವುದೆಷ್ಟು? ಉತ್ತರವನ್ನು ನನಗೆ ಕಳಿಸಬೇಡಿ, ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಅಮ್ಮನಿಗೆ ಹೇಳಿ.